ಗಣಕಯಂತ್ರಕ್ಕೆ ವಿದ್ಯುತ್ತನ್ನು ಬಡಿಸುವ ಪೆಟ್ಟಿಗೆ

ಅಂಗಡಿಯಲ್ಲಿ ಸಿದ್ಧವಾಗಿ ದೊರೆಯುವ ಗಣಕಯಂತ್ರವನ್ನು ಕೊಳ್ಳದೆ, ಅದರ ಅಂಗಾಂಗಗಳನ್ನು ಬಿಡಿಬಿಡಿಯಾಗಿ ಆರಿಸಿ ತಂದು, ಮನೆಯ ಮೇಜಿನ ಮೇಲೆ ತಾವೇ ಜೋಡಿಸಿಕೊಳ್ಳುವ ಹವ್ಯಾಸವು ನಮ್ಮ ಕಾಲೇಜು ವಿದ್ಯಾರ್ಥಿಗಳಲ್ಲಿ ಹಬ್ಬಿರುವುದು ಸಂತೋಷದ ಸಂಗತಿ. ಎರಡು ಮೂರು ತಲೆಮಾರುಗಳ ಹಿಂದೆ ರೇಡಿಯೊ ಸೆಟ್ಟನ್ನು ಕೈಯಾರೆ ಕಟ್ಟಿ, ಅದರಿಂದ ಮೊದಲ ಧ್ವನಿ ಹೊರಟಾಗ ಕುಣಿದಾಡಿದ ತರುಣರ ಉತ್ಸಾಹವೇ ಇಂದು ಈ ರೂಪವನ್ನು ತಾಳಿದೆ ಎನ್ನಬಹುದು. ಇಂತಹ ವಿದ್ಯಾರ್ಥಿಯೊಬ್ಬನು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೊರಡುವ ಮುನ್ನ ಬರೆದುಕೊಳ್ಳುವ ಪಟ್ಟಿಯನ್ನು ನೀವು ನೋಡಿರಬಹುದು. ಬಹುಶಃ ನೀವೇ ಬರೆದಿರಬಹುದು. ಮೊದಲ ಸಾಲಿನಲ್ಲಿ ಪ್ರೊಸೆಸರು. ಅದರ ಹೆಸರು, ಪೀಳಿಗೆ, ವೇಗ ಎಲ್ಲವೂ ಸ್ಪಷ್ಟ. ಎರಡನೆಯ ಸಾಲಿನಲ್ಲಿ ಗ್ರಾಫಿಕ್ಸ್ ಕಾರ್ಡು. ಅದಕ್ಕಾಗಿ ವಾರಗಟ್ಟಲೆ ಚರ್ಚೆ ನಡೆದಿರುತ್ತದೆ. ಅನಂತರ ಮದರ್‌ಬೋರ್ಡು, ಮೆಮೊರಿ, ಡಿಸ್ಕು. ಕಟ್ಟಕಡೆಯ ಸಾಲಿನಲ್ಲಿ, ಹಣವೆಲ್ಲ ಮುಗಿದ ಮೇಲೆ, ‘ಕ್ಯಾಬಿನೆಟ್, ಎಸ್‌ಎಂಪಿಎಸ್ ಸಹಿತ’ ಎಂದಷ್ಟೇ ಇರುತ್ತದೆ.

ನನ್ನ ಆಕ್ಷೇಪಣೆಯಿರುವುದು ಈ ಕಡೆಯ ಸಾಲಿನ ಬಗ್ಗೆ.

ಕಳೆದ ಬೇಸಗೆಯಲ್ಲಿ ನನ್ನ ಪರಿಚಯದ ಪದವಿ ವಿದ್ಯಾರ್ಥಿಯೊಬ್ಬನು ತನ್ನ ಯಂತ್ರವನ್ನು ಹೊತ್ತುಕೊಂಡು ನನ್ನಲ್ಲಿಗೆ ಬಂದನು. ಹಗಲೆಲ್ಲ ನೆಟ್ಟಗೆ ನಡೆಯುತ್ತಿದ್ದ ಯಂತ್ರವು ಸಂಜೆ ಏಳರ ಹೊತ್ತಿಗೆ, ಅದರಲ್ಲಿಯೂ ಆಟವನ್ನೋ ಚಿತ್ರಸಂಕಲನವನ್ನೋ ಪ್ರಾರಂಭಿಸಿದೊಡನೆ, ತಾನಾಗಿ ನಿಂತು ಮತ್ತೆ ಹೊತ್ತಿಕೊಳ್ಳುತ್ತಿತ್ತಂತೆ. ಅವನು ಮೂರು ಬಾರಿ ವಿಂಡೋಸನ್ನು ಅಳಿಸಿ ಹಾಕಿದ್ದನು. ಮೆಮೊರಿಯನ್ನು ಬದಲಿಸಿದ್ದನು. ವೈರಸ್ಸನ್ನು ಬೈದಿದ್ದನು. ಕೊನೆಗೊಂದು ದಿನ ‘ಟಪ್’ ಎಂದು ಸದ್ದಾಗಿ, ಸುಟ್ಟ ವಾಸನೆ ಬಂದು, ಎಲ್ಲವೂ ನಿಂತುಹೋಯಿತು. ಬಿಚ್ಚಿ ನೋಡಿದಾಗ ಪೆಟ್ಟಿಗೆಯೊಂದೇ ಹೋಗಿರಲಿಲ್ಲ. ತನ್ನೊಡನೆ ಮದರ್‌ಬೋರ್ಡನ್ನೂ ಡಿಸ್ಕನ್ನೂ ಕರೆದೊಯ್ದಿತ್ತು. ಆ ಡಿಸ್ಕಿನಲ್ಲಿ ಅಂತಿಮ ವರ್ಷದ ಪ್ರಾಜೆಕ್ಟು ವರದಿಯಿತ್ತು. ಅದಕ್ಕೆ ಬೇರೆ ಪ್ರತಿಯಿರಲಿಲ್ಲ. “ಕರೆಂಟು ಬರುತ್ತಲೇ ಇತ್ತಲ್ಲ ಸಾರ್, ಫ್ಯಾನೂ ತಿರುಗುತ್ತಿತ್ತು” ಎಂದು ಅವನು ಮತ್ತೆ ಮತ್ತೆ ಹೇಳುತ್ತಿದ್ದುದು ಇಂದಿಗೂ ನನ್ನ ಕಿವಿಯಲ್ಲಿದೆ. ಇಪ್ಪತ್ತು ಸಾವಿರಕ್ಕೂ ಮಿಕ್ಕಿ ಬೆಲೆಯ ಗ್ರಾಫಿಕ್ಸ್ ಕಾರ್ಡಿಗೆ ವಿದ್ಯುತ್ತನ್ನು ಒದಗಿಸುತ್ತಿದ್ದುದು ಕ್ಯಾಬಿನೆಟ್ಟಿನೊಡನೆ ಅಂಗಡಿಯವರು ಉಚಿತವೆಂದು ಕೊಟ್ಟಿದ್ದ ಪೆಟ್ಟಿಗೆ. ಅದರ ಮೈಮೇಲೆ ದಪ್ಪ ಅಕ್ಷರಗಳಲ್ಲಿ ‘450 ವಾಟ್’ ಎಂದು ಬರೆದಿತ್ತು. ಆ ಬರಹದ ವಿಷಯಕ್ಕೆ ಮುಂದೆ ಬರುತ್ತೇನೆ.

ಕರೆಂಟು ಬರುತ್ತಿರುವುದಕ್ಕೂ ಯೋಗ್ಯವಾದ ಕರೆಂಟು ಬರುತ್ತಿರುವುದಕ್ಕೂ ಬಹಳ ವ್ಯತ್ಯಾಸವುಂಟು. ನಮ್ಮ ಮನೆಗಳ ಗೋಡೆಯಲ್ಲಿ ದೊರೆಯುವುದು 230 ವೋಲ್ಟಿನ, ಸೆಕೆಂಡಿಗೆ 50 ಬಾರಿ ಆವರ್ತಿಸುವ ಪರ್ಯಾಯ ಪ್ರವಾಹ. ಗಣಕಯಂತ್ರಕ್ಕೆ ಬೇಕಾದುದಾದರೋ 12, 5 ಮತ್ತು 3.3 ವೋಲ್ಟುಗಳ ಏಕಮುಖ ಪ್ರವಾಹ. ಅದೂ ಎಂತಹುದು? ಎಟಿಎಕ್ಸ್ ಎಂಬ ಹೆಸರಿನಲ್ಲಿ ಇಂಟೆಲ್ ಸಂಸ್ಥೆಯು 1995ರಲ್ಲಿ ಪ್ರಕಟಿಸಿ ಮುಂದೆ ತಿದ್ದುತ್ತ ಬಂದ ನಿಯಮಾವಳಿಯ ಪ್ರಕಾರ, 12 ವೋಲ್ಟು ಶೇಕಡ 5ಕ್ಕಿಂತ ಹೆಚ್ಚು ಅತ್ತಿತ್ತ ಸರಿಯಕೂಡದು, ಎಂದರೆ 11.40ಕ್ಕೆ ಇಳಿಯಕೂಡದು, 12.60ನ್ನು ಮೀರಕೂಡದು. ಅದರ ಮೇಲೆ ಸವಾರಿ ಮಾಡುವ ಸಣ್ಣ ತರಂಗಗಳು ಸಹ 12 ವೋಲ್ಟಿನಲ್ಲಿ 120 ಮಿಲಿವೋಲ್ಟನ್ನೂ, 5 ಮತ್ತು 3.3 ವೋಲ್ಟುಗಳಲ್ಲಿ 50 ಮಿಲಿವೋಲ್ಟನ್ನೂ ದಾಟಬಾರದು. ಫ್ಯಾನಿಗೆ ಈ ನಿಷ್ಠುರತೆಯೇನೂ ಬೇಕಾಗಿಲ್ಲ. 9 ವೋಲ್ಟು ಕೊಟ್ಟರೂ ಅದು ತಿರುಗುತ್ತದೆ. ಆದುದರಿಂದ ಫ್ಯಾನು ತಿರುಗಿತೆಂಬ ಸಾಕ್ಷ್ಯವು ಸಾಕ್ಷ್ಯವೇ ಅಲ್ಲ.

ಈ ಪರಿವರ್ತನೆ ನಡೆಯುವ ಬಗೆಯನ್ನು ತಿಳಿಯದೆ ಒಳ್ಳೆಯ ಪೆಟ್ಟಿಗೆಯನ್ನು ಆರಿಸುವುದು ಸಾಧ್ಯವಿಲ್ಲ. ಹಿಂದಿನ ಪದ್ಧತಿ ಸರಳವಾದುದು. 50 ಆವರ್ತನದ ಪ್ರವಾಹವನ್ನು ದೊಡ್ಡದೊಂದು ಟ್ರಾನ್ಸ್‌ಫಾರ್ಮರಿನ ಮೂಲಕ ತಗ್ಗಿಸಿ, ಏಕಮುಖವಾಗಿ ತಿದ್ದಿ, ಬೇಕಾದುದಕ್ಕಿಂತ ಹೆಚ್ಚಾದ ವೋಲ್ಟೇಜನ್ನು ಒಂದು ಟ್ರಾನ್ಸಿಸ್ಟರಿನಲ್ಲಿ ಶಾಖವಾಗಿ ಸುಟ್ಟುಹಾಕುವುದು. 1975ರಲ್ಲಿ ಅಮೆರಿಕದಲ್ಲಿ ಬಿಡಿಭಾಗಗಳ ಕಟ್ಟಾಗಿ ಮಾರಾಟಕ್ಕೆ ಬಂದ, ಮನೆಯಲ್ಲಿ ಜೋಡಿಸಬಹುದಾಗಿದ್ದ ಆಲ್ಟೇರ್ 8800 ಯಂತ್ರದಲ್ಲಿದ್ದುದು ಇದೇ ಪದ್ಧತಿ. ಕಾಲುವೆಯ ತುಂಬ ನೀರು ಬಿಟ್ಟು, ಗದ್ದೆಗೆ ಬೇಕಾದಷ್ಟನ್ನು ತಿರುಗಿಸಿಕೊಂಡು, ಉಳಿದುದನ್ನು ಹಳ್ಳಕ್ಕೆ ಚೆಲ್ಲುವಂತೆ ಇದು. ಅರ್ಧದಷ್ಟು ಶಕ್ತಿ ಹೀಗೆ ಹಾಳಾದರೂ ಆಶ್ಚರ್ಯವಿಲ್ಲ.

ಇನ್ನೊಂದು ಪದ್ಧತಿಯಲ್ಲಿ ನೀರನ್ನು ಚೆಲ್ಲುವುದಿಲ್ಲ. ಕೆರೆಯ ತೂಬನ್ನೇ ಬೇಕಾದಷ್ಟು ಹೊತ್ತು ತೆರೆದು, ಉಳಿದಷ್ಟು ಹೊತ್ತು ಮುಚ್ಚಿಡುತ್ತಾರೆ. ತೆರೆದ ತೂಬಿನಲ್ಲಿ ತಡೆಯಿಲ್ಲ, ಮುಚ್ಚಿದ ತೂಬಿನಲ್ಲಿ ಹರಿವಿಲ್ಲ. ಎರಡು ಸ್ಥಿತಿಗಳಲ್ಲಿಯೂ ನಷ್ಟ ಅತ್ಯಲ್ಪ. ಎಸ್‌ಎಂಪಿಎಸ್ ಎಂಬ ನಾಲ್ಕು ಅಕ್ಷರಗಳ ಅರ್ಥವೇ ಇದು: ಸ್ವಿಚ್ಚಿನ ಕ್ರಮದಲ್ಲಿ ಕೆಲಸ ಮಾಡುವ ವಿದ್ಯುತ್ ಒದಗಣೆ. ಗೋಡೆಯಿಂದ ಬಂದ ಪ್ರವಾಹವನ್ನು ಮೊದಲು ಏಕಮುಖಗೊಳಿಸಿ ದೊಡ್ಡದೊಂದು ಧಾರಕದಲ್ಲಿ, ಎಂದರೆ ಕೆಪ್ಯಾಸಿಟರಿನಲ್ಲಿ, ತುಂಬುತ್ತಾರೆ. 230 ವೋಲ್ಟೆಂಬುದು ಸರಾಸರಿಯ ಒಂದು ಬಗೆ; ತರಂಗದ ನೆತ್ತಿ ಅದರ 1.414ರಷ್ಟು. ಆದಕಾರಣ ಧಾರಕದಲ್ಲಿ ನಿಲ್ಲುವುದು ಸುಮಾರು 325 ವೋಲ್ಟು. ಅದನ್ನು ಟ್ರಾನ್ಸಿಸ್ಟರುಗಳು ಸೆಕೆಂಡಿಗೆ ಐವತ್ತು ಸಾವಿರದಿಂದ ಒಂದು ಲಕ್ಷದಷ್ಟು ಬಾರಿ ಕತ್ತರಿಸುತ್ತವೆ. ಹೀಗೆ ಕತ್ತರಿಸಿದ ಪ್ರವಾಹವನ್ನು ತಗ್ಗಿಸುವುದಕ್ಕೆ ಅಂಗೈಯಲ್ಲಿ ಅಡಗುವ ಟ್ರಾನ್ಸ್‌ಫಾರ್ಮರು ಸಾಕು. ಹಂಡೆ ತುಂಬಬೇಕಾದಾಗ ನಿಮಿಷಕ್ಕೊಮ್ಮೆ ಹೋಗಿಬರುವವನಿಗೆ ದೊಡ್ಡ ಕೊಡವೇ ಬೇಕು. ಕಣ್ಣು ಮಿಟುಕಿಸುವುದರೊಳಗೆ ಸಾವಿರ ಬಾರಿ ಹೋಗಿಬರಬಲ್ಲವನಿಗೆ ಒಂದು ಚಮಚ ಸಾಲದೆ? ಹೊರಬರುವ ವೋಲ್ಟೇಜನ್ನು ಒಂದು ಪುಟ್ಟ ಮಂಡಲವು ಸದಾ ಅಳೆಯುತ್ತ, ತೂಬು ತೆರೆದಿರುವ ಕಾಲವನ್ನು ಹಿಗ್ಗಿಸಿ ಕುಗ್ಗಿಸುತ್ತಿರುತ್ತದೆ. 1977ರಲ್ಲಿ ಆಪಲ್ 2 ಯಂತ್ರಕ್ಕಾಗಿ ರಾಡ್ ಹೋಲ್ಟ್ ಎಂಬ ಎಂಜಿನಿಯರು ಈ ಬಗೆಯ ಪೆಟ್ಟಿಗೆಯನ್ನು ರಚಿಸಿದರು. ಯಂತ್ರದೊಳಗೆ ಬೀಸಣಿಗೆಯಿಲ್ಲದೆಯೇ ಕೆಲಸ ಸಾಗಿತು.

ಈ ಜಾಣತನದ ಇನ್ನೊಂದು ಮುಖವನ್ನೂ ಹೇಳಬೇಕು. ಹಳೆಯ ಟ್ರಾನ್ಸ್‌ಫಾರ್ಮರಿನಲ್ಲಿ ಮೋಸ ಮಾಡಲು ಅವಕಾಶ ಕಡಮೆ; ತಾಮ್ರ, ಕಬ್ಬಿಣ ಕಡಮೆಯಾದರೆ ಕೈಗೇ ಗೊತ್ತಾಗುತ್ತಿತ್ತು. ಎಸ್‌ಎಂಪಿಎಸ್ಸಿನಲ್ಲಿ ನೂರಾರು ಸಣ್ಣ ವಸ್ತುಗಳಿವೆ. ಒಂದೊಂದರಲ್ಲಿಯೂ ಒಂದೆರಡು ರೂಪಾಯಿ ಉಳಿಸಬಹುದು. ಮುಂಭಾಗದ ಶೋಧಕವನ್ನು, ಎಂದರೆ ಗೋಡೆಯಿಂದ ಬರುವ ಗದ್ದಲವನ್ನು ತಡೆಯುವ ಸುರುಳಿ ಧಾರಕಗಳನ್ನು, ಹಾಕದೆಯೇ ಬಿಟ್ಟು ಅವುಗಳ ಜಾಗದಲ್ಲಿ ಬರಿಯ ತಂತಿಯ ತುಂಡನ್ನು ಬೆಸೆದ ಪೆಟ್ಟಿಗೆಗಳನ್ನು ನಾನು ಕಂಡಿದ್ದೇನೆ. ಪೆಟ್ಟಿಗೆ ಮುಚ್ಚಿದ ಮೇಲೆ ಯಾರಿಗೆ ಕಾಣುತ್ತದೆ?

ದೊಡ್ಡ ಧಾರಕದ ವಿಷಯವನ್ನೇ ತೆಗೆದುಕೊಳ್ಳೋಣ. ನಮ್ಮ ಊರುಗಳ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಅಂಗ ಅದೇ ಎಂದು ನನ್ನ ಮತ. ವಿದ್ಯುತ್ತು ಕ್ಷಣಕಾಲ ತಪ್ಪಿದಾಗ ಯಂತ್ರವನ್ನು ಹಿಡಿದು ನಿಲ್ಲಿಸುವುದು ಅದರಲ್ಲಿ ತುಂಬಿಟ್ಟ ಶಕ್ತಿ. ಪೂರ್ಣ ಭಾರದಲ್ಲಿಯೂ ಸುಮಾರು 16 ಮಿಲಿಸೆಕೆಂಡುಗಳವರೆಗೆ ಹಿಡಿದು ನಿಲ್ಲಿಸಬೇಕೆಂಬುದು ಎಟಿಎಕ್ಸ್ ನಿಯಮಾವಳಿಯಲ್ಲಿ ಬಹುಕಾಲ ನಡೆದುಬಂದ ಷರತ್ತು. ಸಾಮಾನ್ಯ ಯುಪಿಎಸ್ಸು ಗೋಡೆಯ ವಿದ್ಯುತ್ತಿನಿಂದ ಬ್ಯಾಟರಿಗೆ ಬದಲಾಯಿಸಿಕೊಳ್ಳುವುದಕ್ಕೂ ಕೆಲವು ಮಿಲಿಸೆಕೆಂಡುಗಳು ಬೇಕಲ್ಲವೆ? ಆ ಬಿಡುವನ್ನು ದಾಟಿಸಬೇಕಾದುದು ಇದೇ ಧಾರಕ.

ಧಾರಕದ ಶಕ್ತಿಯ ಸೂತ್ರ ಪಿಯುಸಿ ವಿದ್ಯಾರ್ಥಿಗಳಿಗೆ ಗೊತ್ತಿದೆ: ಧಾರಣಶಕ್ತಿಯನ್ನು ವೋಲ್ಟೇಜಿನ ವರ್ಗದಿಂದ ಗುಣಿಸಿ ಅರ್ಧ ಮಾಡಬೇಕು. 330 ಮೈಕ್ರೋಫ್ಯಾರಡಿನ ಧಾರಕವುಳ್ಳ ಸಾದಾ ಪೆಟ್ಟಿಗೆಯೊಂದು 300 ವಾಟುಗಳನ್ನು ಶೇಕಡ 85ರ ದಕ್ಷತೆಯಲ್ಲಿ ಕೊಡುತ್ತಿದೆ ಎಂದುಕೊಳ್ಳಿ. ಧಾರಕದಿಂದ ಅದು ಸೆಳೆಯುವುದು ಸುಮಾರು 353 ವಾಟು. ಧಾರಕದ ವೋಲ್ಟೇಜು 200ಕ್ಕೆ ಇಳಿಯುವವರೆಗೆ ಪೆಟ್ಟಿಗೆ ಕೆಲಸ ಮಾಡಬಲ್ಲದೆಂದೂ ಇಟ್ಟುಕೊಳ್ಳೋಣ. ಗೋಡೆಯಲ್ಲಿ ಪೂರ್ಣ 230 ವೋಲ್ಟು ಇದ್ದಾಗ ಧಾರಕದಲ್ಲಿ 325 ಇರುತ್ತದೆ. 325ರಿಂದ 200ಕ್ಕೆ ಇಳಿಯುವಾಗ ದೊರೆಯುವ ಶಕ್ತಿ ಸುಮಾರು 10.8 ಜೂಲು, ಇದು 31 ಮಿಲಿಸೆಕೆಂಡುಗಳಿಗೆ ಸಾಕು. ಈಗ ಬೇಸಗೆಯ ಸಂಜೆ, ಬೀದಿಯ ಮನೆಮನೆಯಲ್ಲಿ ದೀಪ, ಫ್ಯಾನು, ನೀರಿನ ಮೋಟರು ಒಟ್ಟಿಗೆ ಚಾಲೂ ಆಗಿ ವೋಲ್ಟೇಜು 180ಕ್ಕೆ ಕುಸಿಯಿತೆನ್ನಿ. ಧಾರಕದಲ್ಲಿ ಈಗಿರುವುದು ಸುಮಾರು 255 ವೋಲ್ಟು ಮಾತ್ರ. ದೊರೆಯುವ ಶಕ್ತಿ 4 ಜೂಲುಗಳಿಗಿಂತ ತುಸು ಹೆಚ್ಚು. ಹಿಡಿದು ನಿಲ್ಲಿಸುವ ಕಾಲ 12 ಮಿಲಿಸೆಕೆಂಡಿನೊಳಗೆ. ವೋಲ್ಟೇಜು ಇಳಿದುದು ನಾಲ್ಕರಲ್ಲಿ ಒಂದು ಪಾಲಿಗಿಂತ ಕಡಮೆ. ಆಪತ್ಕಾಲದ ನಿಧಿ ಕರಗಿದುದಾದರೋ ಐದರಲ್ಲಿ ಮೂರು ಪಾಲು! ಖರ್ಚು ಉಳಿಸುವುದಕ್ಕಾಗಿ ತಯಾರಕನು 330ರ ಬದಲು 150 ಮೈಕ್ರೋಫ್ಯಾರಡಿನ ಧಾರಕವನ್ನಿಟ್ಟಿದ್ದರೆ ಅದರಲ್ಲಿಯೂ ಅರ್ಧಕ್ಕಿಂತ ಕಡಮೆ. ಆ ವಿದ್ಯಾರ್ಥಿಯ ಯಂತ್ರವು ಸಂಜೆ ಏಳಕ್ಕೆ ಏಕೆ ಮುಗ್ಗರಿಸುತ್ತಿತ್ತೆಂಬುದು ಈಗ ತಿಳಿಯುತ್ತದೆ.

ಇದಕ್ಕೆ ಪರಿಹಾರವಿಲ್ಲದಿಲ್ಲ. ಉತ್ತಮ ಪೆಟ್ಟಿಗೆಗಳ ಮೇಲೆ ‘ಆಕ್ಟಿವ್ ಪಿಎಫ್‌ಸಿ’ ಎಂದು ಬರೆದಿರುತ್ತದೆ. ಗೋಡೆಯಿಂದ ಪ್ರವಾಹವನ್ನು ತರಂಗದ ನೆತ್ತಿಯಲ್ಲಿ ಮಾತ್ರ ಗಬಕ್ಕನೆ ನುಂಗದೆ, ತರಂಗದ ಆಕಾರವನ್ನೇ ಅನುಸರಿಸಿ ಸಮನಾಗಿ ಸೆಳೆಯುವಂತೆ ಮಾಡುವುದು ಇದರ ಮೂಲ ಉದ್ದೇಶ. ವಿದ್ಯುತ್ ಕಂಪೆನಿಯ ತಂತಿಗಳಿಗೆ ಇದರಿಂದ ಉಪಕಾರ. ಆದರೆ ನಮಗೆ ಇದರಿಂದಾಗುವ ಉಪಕಾರ ಬೇರೆಯೇ ಇದೆ. ಈ ಮಂಡಲವು ದೊಡ್ಡ ಧಾರಕವನ್ನು, ಗೋಡೆಯಲ್ಲಿ 230 ಇರಲಿ 180 ಇರಲಿ, ಯಾವಾಗಲೂ 380-390 ವೋಲ್ಟಿನ ಸುಮಾರಿಗೆ ತುಂಬಿಯೇ ಇಟ್ಟಿರುತ್ತದೆ. ಅಂತಹ ಪೆಟ್ಟಿಗೆಗಳಲ್ಲಿ ಹಲವು 100ರಿಂದ 240 ವೋಲ್ಟಿನವರೆಗೆ ಎಲ್ಲಿಯಾದರೂ ಕೆಲಸ ಮಾಡಬಲ್ಲವು. ವೋಲ್ಟೇಜು ಏರಿಳಿಯುವ ಊರಿನಲ್ಲಿರುವವನು ಮಿಕ್ಕೆಲ್ಲ ಬಿರುದುಗಳನ್ನೂ ಬಿಟ್ಟು ಈ ಒಂದು ಗುಣವನ್ನು ಕೇಳಿ ಪಡೆಯತಕ್ಕದ್ದು. ಒಂದು ಎಚ್ಚರಿಕೆ: ಮನೆಯ ಹಳೆಯ ಇನ್ವರ್ಟರು ಅಥವಾ ಅಗ್ಗದ ಯುಪಿಎಸ್ಸು ನಯವಾದ ತರಂಗದ ಬದಲು ಮೆಟ್ಟಿಲಿನಾಕಾರದ ತರಂಗವನ್ನು ಕೊಡುವುದುಂಟು, ಕೆಲವು ಪಿಎಫ್‌ಸಿ ಪೆಟ್ಟಿಗೆಗಳು ಅದನ್ನು ಒಪ್ಪದೆ ನಿಂತುಬಿಡುತ್ತವೆ. ಎರಡನ್ನೂ ಕೊಳ್ಳುವುದಾದರೆ ಹೊಂದಾಣಿಕೆಯನ್ನು ಮೊದಲೇ ವಿಚಾರಿಸಿಕೊಳ್ಳಿ.

ಬಿರುದುಗಳ ಮಾತು ಬಂತು. ‘80 ಪ್ಲಸ್’ ಎಂಬ ಪ್ರಮಾಣಪತ್ರದ ಯೋಜನೆ ಅಮೆರಿಕದಲ್ಲಿ 2004ರಲ್ಲಿ ಪ್ರಾರಂಭವಾಯಿತು. ಹೆಸರೇ ಹೇಳುವಂತೆ, ಪೆಟ್ಟಿಗೆಯು ತನ್ನ ಸಾಮರ್ಥ್ಯದ ಶೇಕಡ 20, 50 ಮತ್ತು 100ರಷ್ಟು ಭಾರವನ್ನು ಹೊತ್ತಾಗ ಶೇಕಡ 80ಕ್ಕೆ ಕಡಮೆಯಿಲ್ಲದ ದಕ್ಷತೆಯನ್ನು ತೋರಿಸಬೇಕು. ಮುಂದೆ ಬ್ರಾಂಜ್, ಸಿಲ್ವರ್, ಗೋಲ್ಡ್, ಪ್ಲಾಟಿನಂ, ಟೈಟೇನಿಯಂ ಮೊದಲಾದ ಮೆಟ್ಟಿಲುಗಳು ಸೇರಿಕೊಂಡುವು. 115 ವೋಲ್ಟಿನ ಪರೀಕ್ಷೆಯಲ್ಲಿ ಬ್ರಾಂಜಿಗೆ ಈ ಮೂರು ಭಾರಗಳಲ್ಲಿ ಕ್ರಮವಾಗಿ 82, 85, 82 ಇರಬೇಕು. ಗೋಲ್ಡಿಗೆ 87, 90, 87. ಯೋಜನೆ ಒಳ್ಳೆಯದೇ. ಆದರೆ ನಮ್ಮ ತರುಣರು ಈ ಪದಕವನ್ನು ನೋಡಿ ಪೆಟ್ಟಿಗೆಯ ಒಟ್ಟು ಯೋಗ್ಯತೆಯನ್ನೇ ಅಳೆಯುವುದು ತಪ್ಪು. ದಕ್ಷತೆ ಒಂದು ಗುಣ, ಬಾಳಿಕೆ ಇನ್ನೊಂದು. ವೋಲ್ಟೇಜಿನ ಸ್ಥಿರತೆಯನ್ನಾಗಲಿ, ತರಂಗಗಳ ಎತ್ತರವನ್ನಾಗಲಿ, ರಕ್ಷಣಾ ಮಂಡಲಗಳನ್ನಾಗಲಿ ಈ ಪದಕ ಅಳೆಯುವುದಿಲ್ಲ. ಸಾಲದುದಕ್ಕೆ ಪರೀಕ್ಷೆ ನಡೆಯುವುದು ಸುಮಾರು 23 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ತಂಪಾದ ಕೋಣೆಯಲ್ಲಿ. ಏಪ್ರಿಲ್ ತಿಂಗಳಿನಲ್ಲಿ ಕಲಬುರಗಿಯ ಮಾಳಿಗೆಯ ಕೋಣೆಯೊಂದರಲ್ಲಿ, ಧೂಳು ತುಂಬಿದ ಕ್ಯಾಬಿನೆಟ್ಟಿನೊಳಗೆ, ಉಷ್ಣತೆಯೆಷ್ಟಿರುತ್ತದೆಂದು ಊಹಿಸಿಕೊಳ್ಳಿ.

ಹಣದ ಲೆಕ್ಕವನ್ನೂ ಮಾಡಿಬಿಡೋಣ. ನಿಮ್ಮ ಯಂತ್ರಕ್ಕೆ 100 ವಾಟು ಬೇಕು, ದಿನಕ್ಕೆ 5 ಗಂಟೆ ನಡೆಯುತ್ತದೆ, ಯೂನಿಟ್ಟಿಗೆ 7 ರೂಪಾಯಿ ಎಂದು ಹಿಡಿಯೋಣ. ಶೇಕಡ 70ರ ದಕ್ಷತೆಯ ಕಳಪೆ ಪೆಟ್ಟಿಗೆ ಗೋಡೆಯಿಂದ 143 ವಾಟನ್ನು ಸೆಳೆಯುತ್ತದೆ. ಶೇಕಡ 85ರದು 118. ವ್ಯತ್ಯಾಸ ವರ್ಷಕ್ಕೆ 46 ಯೂನಿಟ್ಟು, ಸುಮಾರು 320 ರೂಪಾಯಿ. ಐದು ವರ್ಷಗಳಲ್ಲಿ 1,600 ರೂಪಾಯಿಯಾಯಿತು. ಅಗ್ಗದ ಪೆಟ್ಟಿಗೆ ಅಗ್ಗವಲ್ಲವೆಂಬುದಕ್ಕೆ ಇಷ್ಟು ಸಾಕು. ಆದರೆ ಇದೇ ಲೆಕ್ಕವನ್ನು ಮೇಲಕ್ಕೆ ಒಯ್ಯಿರಿ: ಶೇಕಡ 90ರಿಂದ 92ಕ್ಕೆ ಏರಿದರೆ ಉಳಿತಾಯ ವರ್ಷಕ್ಕೆ ನಾಲ್ಕೂವರೆ ಯೂನಿಟ್ಟಿಗಿಂತಲೂ ಕಡಮೆ, 31 ರೂಪಾಯಿ. ಇಷ್ಟಕ್ಕಾಗಿ ಪ್ಲಾಟಿನಂ ಪದಕಕ್ಕೆ ಸಾವಿರಾರು ರೂಪಾಯಿ ಹೆಚ್ಚು ತೆರುವುದು ದಿನವಿಡೀ ಉರಿಯುವ ದೊಡ್ಡ ಯಂತ್ರಗಳವರಿಗೆ ಸರಿ, ವಿದ್ಯಾರ್ಥಿಗೆ ಸರಿಯಲ್ಲ. ಬ್ರಾಂಜಿನಿಂದ ಗೋಲ್ಡಿನವರೆಗೆ ಎಲ್ಲಿ ನಿಂತರೂ ನನ್ನ ಅಭ್ಯಂತರವಿಲ್ಲ.

ನಿಜವಾಗಿ ದಕ್ಷತೆಯ ಬೆಲೆಯಿರುವುದು ಬಿಲ್ಲಿನಲ್ಲಲ್ಲ, ಶಾಖದಲ್ಲಿ. ಶೇಕಡ 70ರ ಪೆಟ್ಟಿಗೆಯೊಳಗೆ 43 ವಾಟು ಶಾಖವಾಗಿ ಉಳಿಯುತ್ತದೆ. ಸುಮಾರು ಎರಡು ಸೋಲ್ಡರಿಂಗ್ ಐರನ್ನುಗಳನ್ನು ಹೊತ್ತಿಸಿ ಒಳಗಿಟ್ಟು ಮುಚ್ಚಿದಂತೆ. ಎಲೆಕ್ಟ್ರೊಲಿಟಿಕ್ ಧಾರಕಗಳೊಳಗಿನ ದ್ರವವು ಶಾಖದಿಂದ ಮೆಲ್ಲಮೆಲ್ಲನೆ ಆರುತ್ತದೆ. ಉಷ್ಣತೆ 10 ಡಿಗ್ರಿ ಇಳಿದರೆ ಅವುಗಳ ಆಯುಸ್ಸು ಇಮ್ಮಡಿಯಾಗುತ್ತದೆಂಬುದು ಎಂಜಿನಿಯರುಗಳು ಬಳಸುವ ಸ್ಥೂಲ ನಿಯಮ. 85 ಡಿಗ್ರಿಯಲ್ಲಿ 2,000 ಗಂಟೆ ಬಾಳುವ ಧಾರಕ 65 ಡಿಗ್ರಿಯಲ್ಲಿ 8,000 ಗಂಟೆ ಬಾಳೀತು; 105 ಡಿಗ್ರಿಯಲ್ಲಿ 2,000 ಗಂಟೆ ಬಾಳುವಂಥದು ಅದೇ 65 ಡಿಗ್ರಿಯಲ್ಲಿ 32,000 ಗಂಟೆ. ದಿನಕ್ಕೆ 5 ಗಂಟೆಯಂತೆ ಮೊದಲನೆಯದು ನಾಲ್ಕೂಕಾಲು ವರ್ಷ ದಾಟಿದೊಡನೆ ಮುಗಿಯುತ್ತದೆ. ಎರಡನೆಯದು ಹದಿನೇಳು ವರ್ಷ. ಇವೆರಡರ ಬೆಲೆಯ ವ್ಯತ್ಯಾಸ ಕೆಲವೇ ರೂಪಾಯಿಗಳು. 105 ಡಿಗ್ರಿಯ ಧಾರಕಗಳನ್ನು ಬಳಸಿದ್ದೇವೆಂದು ತಯಾರಕರು ಹೆಮ್ಮೆಯಿಂದ ಬರೆದುಕೊಳ್ಳುವುದರ ಒಳಗುಟ್ಟು ಇದು. ಐದು, ಏಳು, ಹತ್ತು ವರ್ಷಗಳ ವಾರಂಟಿ ಕೊಡುವವನಿಗೆ ತನ್ನ ಧಾರಕಗಳ ಮೇಲೆ ನಂಬಿಕೆಯಿದೆ ಎಂದು ತಿಳಿಯಬಹುದು. ಒಂದೇ ವರ್ಷ ಕೊಡುವವನಿಗೂ ತನ್ನ ವಸ್ತುವಿನ ವಿಷಯ ಚೆನ್ನಾಗಿ ಗೊತ್ತಿದೆ!

ಇನ್ನು ಆ ‘450 ವಾಟ್’ ಎಂಬ ಬರಹ. ದಪ್ಪ ಅಕ್ಷರವನ್ನು ಬಿಟ್ಟು ಕೆಳಗಿನ ಸಣ್ಣ ಕೋಷ್ಟಕವನ್ನು ಓದಬೇಕು. ಅಲ್ಲಿ 12 ವೋಲ್ಟಿನ ಎದುರಿಗೆ 14 ಆಂಪಿಯರ್ ಎಂದಿತ್ತು. ಗುಣಿಸಿದರೆ 168 ವಾಟು! ಉಳಿದ ಸಂಖ್ಯೆಗಳು 5 ಮತ್ತು 3.3 ವೋಲ್ಟುಗಳವು. ಹಿಂದಿನ ಯಂತ್ರಗಳು ಅವುಗಳಿಂದಲೇ ಹೆಚ್ಚಾಗಿ ಸೆಳೆಯುತ್ತಿದ್ದುವು, ನಿಜ. ಇಂದಿನ ಪ್ರೊಸೆಸರೂ ಗ್ರಾಫಿಕ್ಸ್ ಕಾರ್ಡೂ ತಮ್ಮ ಆಹಾರವನ್ನು ಬಹುಮಟ್ಟಿಗೆ 12 ವೋಲ್ಟಿನ ಸಾಲಿನಿಂದಲೇ ಪಡೆಯುತ್ತವೆ. ಆ ವಿದ್ಯಾರ್ಥಿಯ ಪ್ರೊಸೆಸರಿಗೆ 65, ಕಾರ್ಡಿಗೆ 120, ಒಟ್ಟು 185 ವಾಟು ಬೇಕಾಗಿತ್ತು. ಎಂದರೆ ಬರೆದುದನ್ನು ನಂಬಿದರೂ ಪೆಟ್ಟಿಗೆ ಸಾಲುತ್ತಿರಲಿಲ್ಲ. ಅದನ್ನು ಮಾರಿದವರು ಅವನ ಕಾರ್ಡನ್ನೂ ಅದೇ ದಿನ ಅದೇ ಮೇಜಿನ ಮೇಲೆ ಮಾರಿದ್ದರು. ಇದನ್ನು ನಾನು ಮೋಸವೆಂದೇ ಕರೆಯುತ್ತೇನೆ. ಕೊಳ್ಳುವ ನಾವು 12ರಿಂದ ಗುಣಿಸುವಷ್ಟು ಶ್ರಮವನ್ನೂ ಪಡದಿರುವುದು ಅದಕ್ಕೆ ಒತ್ತಾಸೆ.

ಇದಕ್ಕೆ ಹೆದರಿ ಕೆಲವರು 850 ವಾಟಿನ ಪೆಟ್ಟಿಗೆಯನ್ನೇ ತರುತ್ತಾರೆ. ಅದೂ ಅತಿರೇಕ. ಪುಸ್ತಕ ಓದುತ್ತಲೋ ಟೈಪು ಮಾಡುತ್ತಲೋ ಇರುವಾಗ ಯಂತ್ರ ಸೆಳೆಯುವುದು 50 ವಾಟಿನ ಸುಮಾರು. 850ರಲ್ಲಿ ಅದು ಶೇಕಡ 6. ಪದಕದ ಪರೀಕ್ಷೆ ಶೇಕಡ 20ರಿಂದ ಪ್ರಾರಂಭವಾಗುತ್ತದೆ. ಟೈಟೇನಿಯಂ ಮೆಟ್ಟಿಲಿನಲ್ಲಿ ಮಾತ್ರ ಶೇಕಡ 10ರ ಪರೀಕ್ಷೆಯೂ ಉಂಟು. ಅದಕ್ಕಿಂತ ಕೆಳಗೆ ದಕ್ಷತೆ ಜರ್ರನೆ ಜಾರುತ್ತದೆ. ಪ್ರೊಸೆಸರು, ಕಾರ್ಡು ಎರಡರ ವಾಟುಗಳನ್ನು ಕೂಡಿಸಿ, ಉಳಿದುದಕ್ಕೆ 50 ಸೇರಿಸಿ, ಅದರ ಮೇಲೆ ಅರ್ಧದಷ್ಟು ಬಿಡುವಿಟ್ಟುಕೊಂಡರೆ ಸಾಕು. ಈ ಬಿಡುವು ಅವಶ್ಯಕ, ಏಕೆಂದರೆ 65 ವಾಟೆಂದು ಬರೆದ ಪ್ರೊಸೆಸರು ಅವಸರದಲ್ಲಿ ಅದಕ್ಕಿಂತ ಬಹಳ ಹೆಚ್ಚು ಸೆಳೆಯುವುದುಂಟು. ದೊಡ್ಡ ಕಾರ್ಡುಗಳು ಸೆಕೆಂಡಿನ ಅತ್ಯಲ್ಪ ಭಾಗದಲ್ಲಿ ತಮ್ಮ ಪಾಲಿನ ಇಮ್ಮಡಿಯನ್ನೂ ಕೇಳುತ್ತವೆ. 2022ರ ಎಟಿಎಕ್ಸ್ 3.0 ನಿಯಮಾವಳಿಯು ಇಂತಹ ಕ್ಷಣಿಕ ಎಳೆತಗಳನ್ನು ಪೆಟ್ಟಿಗೆ ತಾಳಿಕೊಳ್ಳಬೇಕೆಂದು ವಿಧಿಸಿದುದು ಈ ಕಾರಣದಿಂದಲೇ. ಸಾಮಾನ್ಯ ವಿದ್ಯಾರ್ಥಿಯ ಯಂತ್ರಕ್ಕೆ 450ರಿಂದ 550 ವಾಟಿನ, ಆದರೆ ಪ್ರಾಮಾಣಿಕವಾದ, ಪೆಟ್ಟಿಗೆ ಸಾಕು.

ಅಂಗಡಿಯವರ ಪಕ್ಷವನ್ನೂ ಕೇಳಬೇಕು. “ನಮ್ಮ ಆಫೀಸಿನಲ್ಲಿ ಇದೇ ಪೆಟ್ಟಿಗೆ ಹತ್ತು ವರ್ಷದಿಂದ ನಡೆಯುತ್ತಿದೆ, ಏನೂ ಆಗಿಲ್ಲ” ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಗ್ರಾಫಿಕ್ಸ್ ಕಾರ್ಡಿಲ್ಲದ, ಪತ್ರ ಬರೆಯುವ ಯಂತ್ರ 60 ವಾಟು ಮಾತ್ರ ಕೇಳುತ್ತದೆ. ಕೇಳುವುದು ಕಡಮೆಯಾದ್ದರಿಂದ ಬಡ ಪೆಟ್ಟಿಗೆಯೂ ಮಾನ ಉಳಿಸಿಕೊಳ್ಳುತ್ತದೆ. ಎತ್ತಿನ ಬಂಡಿಗೆ ಸಾಕಾದ ಸೇತುವೆಯ ಮೇಲೆ ಲಾರಿಯನ್ನು ಬಿಡಬಹುದೆಂದು ಇದರಿಂದ ಸಿದ್ಧವಾಗುವುದಿಲ್ಲ.

ಪ್ರಸಂಗವಶಾತ್ ಇನ್ನೊಂದು ಮಾತು. ಕ್ಯಾಬಿನೆಟ್ಟನ್ನು ಮುಟ್ಟಿದರೆ ಕೈ ಜುಮ್ಮೆನ್ನುತ್ತದೆಂದು ದೂರು ಹೇಳುವವರು ನಮ್ಮಲ್ಲಿ ಬಹಳ. ಆಗ ಪೆಟ್ಟಿಗೆಯನ್ನು ಬಯ್ಯುವುದಕ್ಕೆ ಮೊದಲು ಗೋಡೆಯ ಸಾಕೆಟ್ಟನ್ನು ನೋಡಿರಿ. ಶೋಧಕದಲ್ಲಿ ಎರಡು ಸಣ್ಣ ಧಾರಕಗಳು ಎರಡು ತಂತಿಗಳಿಂದಲೂ ಲೋಹದ ಮೈಗೆ ಸೇರಿರುತ್ತವೆ. ಅರ್ಥಿಂಗ್ ಇಲ್ಲದಿದ್ದರೆ ಆ ಮೈ 230ರ ಅರ್ಧದಷ್ಟು, ಸುಮಾರು 115 ವೋಲ್ಟಿನಲ್ಲಿ ತೇಲುತ್ತದೆ. ಹರಿಯುವ ಪ್ರವಾಹ ಮಿಲಿಆಂಪಿಯರಿನ ಒಂದು ಭಾಗ ಮಾತ್ರ. ಆದರೆ ನಾಳೆ ಪೆಟ್ಟಿಗೆಯೊಳಗೆ ನಿಜವಾದ ದೋಷವುಂಟಾದಾಗ ನಿಮ್ಮನ್ನು ಕಾಯಬೇಕಾದ ತಂತಿಯೇ ಇಲ್ಲವೆಂಬುದನ್ನು ಆ ಜುಮ್ಮು ಇಂದೇ ತಿಳಿಸುತ್ತಿದೆ. ಮೂರನೆಯ ಪಿನ್ನನ್ನು ಮುರಿದು ಎರಡು ರಂಧ್ರದ ಸಾಕೆಟ್ಟಿಗೆ ತುರುಕುವವರಿಗೆ ಏನು ಹೇಳಬೇಕೋ ನನಗೆ ತಿಳಿಯದು.

ಪೆಟ್ಟಿಗೆಯ ಗುಣವನ್ನು ಮನೆಯಲ್ಲಿ ಪರೀಕ್ಷಿಸಬಹುದೆ ಎಂದು ಕೇಳುವಿರಿ. ಮಲ್ಟಿಮೀಟರು ಸರಾಸರಿ ವೋಲ್ಟೇಜನ್ನು ಹೇಳುತ್ತದೆ, ತರಂಗಗಳನ್ನು ಕಾಣಿಸದು. ಭಾರವಿಲ್ಲದಿರುವಾಗ ಕಳಪೆ ಪೆಟ್ಟಿಗೆಯೂ 12.0 ತೋರಿಸೀತು. ಕವಚವನ್ನು ಬಿಚ್ಚಿ ಒಳಗೆ ನೋಡುವ ಕುತೂಹಲವನ್ನಂತೂ ಅದುಮಿಡಿ: ಪ್ಲಗ್ಗನ್ನು ಕಿತ್ತ ಮೇಲೂ ದೊಡ್ಡ ಧಾರಕದಲ್ಲಿ ಮುನ್ನೂರು ವೋಲ್ಟು ಉಳಿದಿರಬಹುದು, ಅದು ಕೊಲ್ಲಬಲ್ಲದು. ಆದರೆ ಕಾಲೇಜಿನ ಪ್ರಯೋಗಶಾಲೆಯಲ್ಲಿ, ಅಧ್ಯಾಪಕರ ಸಮಕ್ಷಮದಲ್ಲಿ, ಒಂದು ಸೊಗಸಾದ ಪ್ರಯೋಗವನ್ನು ಮಾಡಬಹುದು. ಕಾರಿನ ಹೆಡ್‌ಲೈಟಿಗೆ ಹಾಕುವ 12 ವೋಲ್ಟು 55 ವಾಟಿನ ಬಲ್ಬುಗಳು ಅಗ್ಗವಾಗಿ ದೊರೆಯುತ್ತವೆ. ಪೆಟ್ಟಿಗೆಯ 12 ವೋಲ್ಟಿನ ಹಲವು ತಂತಿಗಳಿಗೆ ಅವುಗಳನ್ನು ಹಂಚಿ, ಒಂದೊಂದಾಗಿ ಹೊತ್ತಿಸುತ್ತ ಹೋಗಿರಿ. ತಣ್ಣಗಿರುವ ತಂತು ಮೊದಲ ಕ್ಷಣದಲ್ಲಿ ಹಲವು ಪಟ್ಟು ಪ್ರವಾಹವನ್ನು ಎಳೆಯುವುದರಿಂದ ಎಲ್ಲವನ್ನೂ ಒಟ್ಟಿಗೆ ಹೊತ್ತಿಸಬಾರದು. ನಾಲ್ಕು ಬಲ್ಬುಗಳಿಗೆ 220 ವಾಟು, ಸುಮಾರು 18 ಆಂಪಿಯರು. ಪ್ರತಿ ಹಂತದಲ್ಲಿಯೂ ವೋಲ್ಟೇಜನ್ನು ಬರೆದುಕೊಂಡು, ಆಸಿಲೋಸ್ಕೋಪಿನಲ್ಲಿ ತರಂಗದ ಎತ್ತರವನ್ನು ನೋಡಿ. ನಮ್ಮ ಪಾಲಿಟೆಕ್ನಿಕ್ಕುಗಳ, ಎಂಜಿನಿಯರಿಂಗ್ ಕಾಲೇಜುಗಳ ವಿಜ್ಞಾನ ಸಂಘಗಳು ತಮ್ಮ ಊರಿನ ಅಂಗಡಿಗಳಲ್ಲಿ ಸಿಗುವ ನಾಲ್ಕಾರು ಪೆಟ್ಟಿಗೆಗಳನ್ನು ವರ್ಷಕ್ಕೊಮ್ಮೆ ಹೀಗೆ ಪರೀಕ್ಷಿಸಿ, ಫಲಿತಾಂಶವನ್ನು ಸೂಚನಾಫಲಕದಲ್ಲಿ ಅಂಟಿಸಿದರೆ, ದಪ್ಪ ಅಕ್ಷರಗಳ ವ್ಯಾಪಾರ ಎಷ್ಟು ದಿನ ನಡೆದೀತು?

ಆ ವಿದ್ಯಾರ್ಥಿ ಈಗ 500 ವಾಟಿನ, ಬ್ರಾಂಜ್ ಪದಕದ, ಆಕ್ಟಿವ್ ಪಿಎಫ್‌ಸಿಯುಳ್ಳ ಪೆಟ್ಟಿಗೆಯೊಂದನ್ನು ಐದು ವರ್ಷದ ವಾರಂಟಿಯೊಡನೆ ಕೊಂಡಿದ್ದಾನೆ. ಅದಕ್ಕಾಗಿ ಮೆಮೊರಿಯಲ್ಲಿ ಅರ್ಧವನ್ನು ಸದ್ಯಕ್ಕೆ ಬಿಟ್ಟುಕೊಟ್ಟನು. ವರದಿಯನ್ನು ನೆನಪಿನಿಂದ ಮತ್ತೆ ಬರೆಯುವುದಕ್ಕೆ ಅವನಿಗೆ ಏಳು ವಾರ ಹಿಡಿಯಿತು; ಈಗ ಅದರ ಪ್ರತಿಯೊಂದನ್ನು ನನ್ನಲ್ಲಿಯೂ ಇಟ್ಟಿದ್ದಾನೆ. ಹಳೆಯ ಪೆಟ್ಟಿಗೆ ನನ್ನ ಕಪಾಟಿನಲ್ಲಿದೆ. ಹೊಸ ತರಗತಿ ಪ್ರಾರಂಭವಾದಾಗ ಅದನ್ನು ಮೇಜಿನ ಮೇಲಿಟ್ಟು, ಸಣ್ಣ ಕೋಷ್ಟಕವನ್ನು ಓದಿ ಅದರ ನಿಜವಾದ ವಾಟುಗಳನ್ನು ಹೇಳಿರೆಂದು ಕೇಳುತ್ತೇನೆ.